ದುಡಿಯುವವರ ಮಾತು ಠರಾವಿಗೆ ಮೊದಲು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸಹಕಾರ ವಿಚಾರಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ. ಆಮೇಲೆ ಹಿಡಿದಿದ್ದು ನೇಗಿಲು. ಆದ್ದರಿಂದ ದೊಡ್ಡ ಪಂಡಿತರ ಹಾಗೆ ಮಾತಾಡೋಕೆ ಬರೋದಿಲ್ಲ. ಈ ಗೋಷ್ಠಿಯಲ್ಲಿ ಸಂಘದ ವಹಿವಾಟು, ಲಾಭ, ಕಟ್ಟಡ, ರಾಸುಗಳ ಆರೋಗ್ಯ ಎಲ್ಲದರ ಬಗ್ಗೆಯೂ ಬಲ್ಲವರು ಮಾತಾಡಿದ್ದಾರೆ. ನಮಗೆ ಕೊಟ್ಟಿರುವ ವಿಷಯ ‘ಆಡಳಿತದಲ್ಲಿ ಸಿಬ್ಬಂದಿಯ ಪಾತ್ರ’. ಕೇಳೋಕೆ ಒಣ ವಿಷಯ. ಆದರೆ ಮುಂದಿನ ಸರ್ವಸದಸ್ಯರ ಸಭೆಗೆ ಬರಲಿರುವ ಎರಡು ತೀರ್ಮಾನಗಳು ಇದಕ್ಕೇ ಅಂಟಿಕೊಂಡಿವೆ. ಅದಕ್ಕೆ ಸ್ವಲ್ಪ ಗಮನ ಕೊಟ್ಟು ಕೇಳಬೇಕು ಅಂತ ಬೇಡಿಕೊಳ್ಳುತ್ತೇವೆ.

ನಮ್ಮ ಸಂಘದಲ್ಲಿ ಸಂಬಳಕ್ಕೆ ದುಡಿಯುವವರು ನಾಲ್ಕು ಜನ. ಒಬ್ಬರು ಕಾರ್ಯದರ್ಶಿ, ಒಬ್ಬರು ಹಾಲು ಪರೀಕ್ಷಕರು, ಒಬ್ಬರು ಕ್ಯಾನು ಎತ್ತುವ ಹೆಲ್ಪರು, ಇನ್ನೊಬ್ಬರು ರಾಸುಗಳಿಗೆ ಕೃತಕ ಗರ್ಭಧಾರಣೆ ಮಾಡುವ ಕಾರ್ಯಕರ್ತರು. ಕೋಳಿ ಕೂಗುವ ಹೊತ್ತಿಗೆ ಡೈರಿ ಬಾಗಿಲು ತೆಗೆಯಬೇಕು, ರಾತ್ರಿ ಕ್ಯಾನು ತೊಳೆದು ಬೋರಲು ಹಾಕಿದ ಮೇಲೆ ಮನೆಗೆ ಹೋಗಬೇಕು. ಯುಗಾದಿ ಇರಲಿ, ಗೌರಿ ಹಬ್ಬ ಇರಲಿ, ಊರಬ್ಬ ಇರಲಿ, ಹಸುವಿಗೆ ರಜಾ ಇಲ್ಲ. ಹಾಗಾಗಿ ಇವರಿಗೂ ಇಲ್ಲ.

ಸರ್ವಸದಸ್ಯರ ಸಭೆಯ ದಿನ ಈ ನಾಲ್ಕು ಜನ ಎಲ್ಲಿರುತ್ತಾರೆ? ಶಾಮಿಯಾನ ಕಟ್ಟಿಸುತ್ತಾರೆ, ಕುರ್ಚಿ ಹಾಕುತ್ತಾರೆ, ವರದಿ ಪುಸ್ತಕ ಹಂಚುತ್ತಾರೆ, ಉಪ್ಪಿಟ್ಟು ಕೇಸರಿಬಾತು ಬಡಿಸುತ್ತಾರೆ. ಕಾರ್ಯದರ್ಶಿಯವರು ವರದಿ ಓದುತ್ತಾರೆ. ಉಳಿದ ಮೂರು ಜನರ ಬಾಯಿಂದ ಒಂದು ಮಾತೂ ಆ ಸಭೆಯಲ್ಲಿ ಬರೋದಿಲ್ಲ. ಹಾಲಿನ ವಿಷಯ ತೀರ್ಮಾನ ಆಗುತ್ತೆ, ಹಾಲನ್ನು ದಿನಾ ಅಳೆದು ನೋಡುವವರು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಾರೆ. ಇದು ನಮ್ಮ ಊರೊಂದರ ಕಥೆ ಅಲ್ಲ, ಸುತ್ತಮುತ್ತಲ ಸಂಘಗಳಲ್ಲೂ ನೋಡುತ್ತಿದ್ದೇವೆ.

ಕಾಯ್ದೆ ಏನು ಹೇಳುತ್ತೆ ಅಂತ ಕೆಲವರು ಕೇಳಬಹುದು. ಸಹಕಾರ ಸಂಘ ಸದಸ್ಯರದ್ದು. ಒಬ್ಬ ಸದಸ್ಯನಿಗೆ ಒಂದು ಓಟು. ಸಂಘದಿಂದ ಸಂಬಳ ತೆಗೆದುಕೊಳ್ಳುವವರು ಅದೇ ಸಂಘಕ್ಕೆ ನಿರ್ದೇಶಕರಾಗುವಂತಿಲ್ಲ. ಇದು ಸರಿಯಾದ ಕಟ್ಟು, ಇದನ್ನು ಸಡಿಲ ಮಾಡಬೇಕು ಅಂತ ನಾವು ಹೇಳುತ್ತಿಲ್ಲ. ಆದರೆ ಓಟು ಬೇರೆ, ಮಾತು ಬೇರೆ. ಕಾಯ್ದೆ ಅವರನ್ನು ನಿರ್ದೇಶಕರ ಕುರ್ಚಿಯಿಂದ ದೂರ ಇಟ್ಟಿದೆಯೇ ಹೊರತು, ಅವರ ಮಾತು ಕೇಳಬೇಡಿ ಅಂತ ಎಲ್ಲೂ ಹೇಳಿಲ್ಲ. ನಮ್ಮ ಸಂವಿಧಾನದಲ್ಲೇ ನೋಡಿ. 1976ರ 42ನೇ ತಿದ್ದುಪಡಿಯಲ್ಲಿ 43ಎ ಅನ್ನುವ ವಿಧಿ ಸೇರಿತು. ಕೈಗಾರಿಕೆಗಳ ಆಡಳಿತದಲ್ಲಿ ಕೆಲಸಗಾರರು ಭಾಗವಹಿಸುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕು ಅಂತ ಅದು ಹೇಳುತ್ತೆ. 2011ರ 97ನೇ ತಿದ್ದುಪಡಿಯಲ್ಲಿ 43ಬಿ ಸೇರಿತು. ಅದು ಸಹಕಾರ ಸಂಘಗಳನ್ನು ಬೆಳೆಸಬೇಕು ಅಂತ ಹೇಳುವ ವಿಧಿ. ಒಂದರ ಪಕ್ಕಕ್ಕೆ ಒಂದು ಕೂತಿವೆ, ಅಕ್ಕಪಕ್ಕದ ಮನೆಯವರ ಹಾಗೆ. ನಮ್ಮ ಸಂಘಗಳಲ್ಲೂ ಈ ಎರಡು ಮನೆಗಳ ನಡುವೆ ಹೋಗಿಬರುವ ದಾರಿ ಇರಬೇಕು ಅನ್ನುವುದು ನಮ್ಮ ಅಭಿಪ್ರಾಯ.

ಹಾಲಿನ ಸಹಕಾರದ ಮಾತು ಬಂದ ಮೇಲೆ ಗುಜರಾತಿನ ಆನಂದ್ ಹೆಸರು ಎತ್ತಲೇಬೇಕು. 1974ರಿಂದ ಕರ್ನಾಟಕದಲ್ಲಿ ಕಟ್ಟಿಕೊಂಡು ಬಂದಿರುವ ಹಾಲು ಸಂಘಗಳು ಅದೇ ಆನಂದ್ ಮಾದರಿಯವು. ಅಲ್ಲಿ ಖೇಡಾ ಜಿಲ್ಲೆಯ ರೈತರು 1946ರಲ್ಲಿ ತಮ್ಮದೇ ಒಕ್ಕೂಟ ಕಟ್ಟಿದರು. ಅದಕ್ಕೆ ಅಧ್ಯಕ್ಷರಾಗಿದ್ದವರು ರೈತ ಮುಖಂಡರಾದ ತ್ರಿಭುವನದಾಸ ಪಟೇಲರು. ಯಜಮಾನರು ರೈತರು. ಸಂಬಳಕ್ಕೆ ಬಂದು ಸೇರಿದವರು ವರ್ಗೀಸ್ ಕುರಿಯನ್ ಅವರು. ಅಷ್ಟು ದೊಡ್ಡ ಹೆಸರು ಮಾಡಿದ ಮೇಲೂ ಕುರಿಯನ್ ಅವರು ‘ನಾನು ರೈತರ ನೌಕರ’ ಅಂತಲೇ ಹೇಳಿಕೊಳ್ಳುತ್ತಿದ್ದರು. ಕುರಿಯನ್ ಅವರ ಜೊತೆಯಲ್ಲಿ ಎಚ್.ಎಂ. ದಲಾಯ ಅನ್ನುವ ಇನ್ನೊಬ್ಬ ನೌಕರರಿದ್ದರು. ಹಾಲಿನ ತಂತ್ರಜ್ಞಾನ ಓದಿದವರು. ಹೊರದೇಶದ ತಜ್ಞರು ಆಗ ಎಮ್ಮೆ ಹಾಲಿನಿಂದ ಪುಡಿ ಮಾಡೋದು ಆಗದ ಕೆಲಸ ಅನ್ನುತ್ತಿದ್ದರು. ಆ ಸೀಮೆಯಲ್ಲಿ ಇದ್ದದ್ದೇ ಎಮ್ಮೆಗಳು. ಹಾಲು ಜಾಸ್ತಿ ಬರುವ ಕಾಲದಲ್ಲಿ ಪುಡಿ ಮಾಡಿ ಇಡದಿದ್ದರೆ ರೈತನ ಹಾಲು ಕೇಳುವವರಿಲ್ಲ. ದಲಾಯ ಅವರು ‘ಆಗುತ್ತೆ’ ಅಂದರು, ಮಾಡಿಯೂ ತೋರಿಸಿದರು. 1955ರಲ್ಲಿ ಆನಂದಿನಲ್ಲಿ ಪುಡಿ ಮಾಡುವ ಹೊಸ ಡೈರಿ ಶುರುವಾಯಿತು. ಅದರ ಉದ್ಘಾಟನೆ ಮಾಡಿದವರು ಪಂಡಿತ್ ನೆಹರೂ ಅವರು.

ಇದರಲ್ಲಿ ನಾವು ಕಲಿಯಬೇಕಾದ್ದು ಏನು? ಪಟೇಲರು ಅಧ್ಯಕ್ಷರಾಗಿಯೇ ಉಳಿದರು, ರೈತರು ಯಜಮಾನರಾಗಿಯೇ ಉಳಿದರು. ನೌಕರನ ಮಾತಿಗೆ ಬೆಲೆ ಕೊಟ್ಟಿದ್ದರಿಂದ ಯಜಮಾನರ ಗೌರವ ಗುಲಗಂಜಿಯಷ್ಟೂ ಕಡಿಮೆ ಆಗಲಿಲ್ಲ. ಅವರ ಸಂಘ ದೇಶಕ್ಕೇ ಮಾದರಿ ಆಯಿತು.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದವರೂ ಇದ್ದಾರೆ. ದುಡಿಯುವವರೇ ಯಜಮಾನರಾದ ಸಂಘಗಳು. ನಿಮ್ಮಲ್ಲಿ ಬೆಂಗಳೂರಿಗೆ ಹೋದವರು ಇಂಡಿಯನ್ ಕಾಫಿ ಹೌಸಿನಲ್ಲಿ ಕಾಫಿ ಕುಡಿದಿರಬಹುದು. ತಲೆಗೆ ಪೇಟ ಕಟ್ಟಿದ ನೌಕರರು ತಂದುಕೊಡುತ್ತಾರೆ. ಮೊದಲು ಅವು ಕಾಫಿ ಬೋರ್ಡಿನ ಅಂಗಡಿಗಳು. 1957ರಲ್ಲಿ ಬೋರ್ಡು ಆ ಅಂಗಡಿಗಳನ್ನು ಮುಚ್ಚುವುದಕ್ಕೆ ಹೊರಟಾಗ ನೌಕರರು ಬೀದಿಗೆ ಬೀಳುವ ಹಾಗಾಯಿತು. ಕಾರ್ಮಿಕ ನಾಯಕ ಎ.ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ನೌಕರರೇ ಸೇರಿ ಸಹಕಾರ ಸಂಘ ಮಾಡಿಕೊಂಡರು. ಬೆಂಗಳೂರಿನ ಸಂಘವೂ 1957ರದ್ದೇ. ಮಹಾತ್ಮ ಗಾಂಧಿ ರಸ್ತೆಯಲ್ಲಿದ್ದ ಅದರ ಕಾಫಿ ಹೌಸು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋಯಿತು. ಜಾಗ ಬದಲಾದರೂ ಸಂಘ ಬದಲಾಗಲಿಲ್ಲ.

ಇನ್ನೊಂದು ಕೇರಳದ ಕಣ್ಣೂರಿನದು. ಅಲ್ಲಿ ಬೀಡಿ ಕಟ್ಟುವವರಿಗೆ ಕೆಲಸ ಕೊಡುತ್ತಿದ್ದ ದೊಡ್ಡ ಮಾಲೀಕರು ನಮ್ಮ ಮಂಗಳೂರಿನವರು. ಬೀಡಿ ಕೆಲಸಗಾರರಿಗೆ ರಜೆ, ಸವಲತ್ತು ಕೊಡಬೇಕು ಅಂತ 1966ರಲ್ಲಿ ಕೇಂದ್ರದ ಕಾಯ್ದೆ ಬಂತು. ಅದನ್ನು ಜಾರಿ ಮಾಡುವ ಕಾಲಕ್ಕೆ, 1968ರಲ್ಲಿ, ಅಲ್ಲಿನ ಕೆಲಸ ನಿಂತುಹೋಗಿ ಸಾವಿರಾರು ಸಂಸಾರಗಳ ಒಲೆ ಆರುವ ಹಾಗಾಯಿತು. 1969ರಲ್ಲಿ ಅವರೇ ಸರ್ಕಾರದ ನೆರವು ಪಡೆದು ಕೇರಳ ದಿನೇಶ್ ಬೀಡಿ ಅನ್ನುವ ಸಹಕಾರ ಸಂಘ ಕಟ್ಟಿದರು. ಪ್ರಾಥಮಿಕ ಸಂಘಗಳ ಆಡಳಿತ ಮಂಡಳಿಯಲ್ಲಿ ಕೆಲಸಗಾರರು ಆರಿಸಿದವರದ್ದೇ ಬಹುಮತ. ಬೀಡಿ ಕಟ್ಟುವಾಗ ಒಬ್ಬರು ಪತ್ರಿಕೆ ಓದುವುದು, ಉಳಿದವರು ಕೈಕೆಲಸ ಬಿಡದೆ ಕೇಳುವುದು ಆ ಸೀಮೆಯ ಬೀಡಿ ಕೆಲಸಗಾರರ ಹಳೇ ಪದ್ಧತಿ. ಕೇಳಿ ಕೇಳಿ ಲೋಕಜ್ಞಾನ ಬಂದವರಿಗೆ ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಮಾಡೋದು ಕಷ್ಟ ಆಗಲಿಲ್ಲ. ಬೀಡಿ ಸೇದುವವರು ಕಡಿಮೆಯಾಗುತ್ತಾ ಬಂದಾಗ, 1990ರ ದಶಕದ ಕೊನೆಯಿಂದ, ಅದೇ ಸಂಘ ಮಸಾಲೆ ಪುಡಿ, ಕೊಡೆ, ಬಟ್ಟೆ ಅಂತ ಬೇರೆ ಬೇರೆ ಕಸುಬಿಗೂ ಕೈ ಹಾಕಿತು. ಕಷ್ಟಗಳು ಇಲ್ಲದೇ ಇಲ್ಲ. ಆದರೂ ಕಷ್ಟ ಬಂದಾಗ ‘ಇದು ನಮ್ಮದು’ ಅಂತ ಹೆಗಲು ಕೊಡುವವರು ಇದ್ದರು.

ಅವು ಕೆಲಸಗಾರರ ಸಂಘಗಳು, ನಮ್ಮದು ಹಾಲು ಹಾಕುವವರ ಸಂಘ. ಎರಡೂ ಒಂದೇ ಅಲ್ಲ ಅಂತ ನಮಗೂ ಗೊತ್ತು. ಅಲ್ಲಿನದನ್ನು ಹಾಗೇ ತಂದು ಇಲ್ಲಿ ನೆಡೋಕೆ ಆಗೋದಿಲ್ಲ. ಆದರೆ ಒಂದು ವಿಷಯ ಎಲ್ಲಾ ಕಡೆಗೂ ಸಲ್ಲುತ್ತೆ: ಕೆಲಸದ ಗುಟ್ಟು ಗೊತ್ತಿರೋದು ಕೆಲಸ ಮಾಡುವವನಿಗೆ.

ಈಗ ನಮ್ಮ ಸಂಘದ ಎರಡು ತೀರ್ಮಾನಗಳಿಗೆ ಬರೋಣ. ಒಂದು, ಸಾಯಂಕಾಲದ ಹಾಲು ಹಾಕುವ ಹೊತ್ತನ್ನು ಐದೂವರೆಯಿಂದ ಆರೂವರೆಗೆ ಹಾಕಬೇಕು ಅನ್ನೋ ಬೇಡಿಕೆ. ಹೊಲದಿಂದ ಬಂದು ಹಾಲು ಕರೆದು ತರೋಕೆ ಹೊತ್ತಾಗುತ್ತೆ ಅನ್ನೋದು ಸದಸ್ಯರ ಮಾತು. ಅದು ನ್ಯಾಯವಾದ ಮಾತೇ. ಇನ್ನೊಂದು, ಹಾಲು ತಂಪು ಮಾಡುವ ಬಿ.ಎಂ.ಸಿ. ಘಟಕ ಹಾಕಿಸಬೇಕು ಅನ್ನೋದು. ಇವೆರಡನ್ನೂ ಬೇರೆ ಬೇರೆ ವಿಷಯ ಅಂತ ಎಲ್ಲರೂ ತಿಳಿದಿದ್ದಾರೆ.

ಹೋದ ತಿಂಗಳು ಪರೀಕ್ಷಕರನ್ನೂ ಹೆಲ್ಪರನ್ನೂ ಕೂರಿಸಿಕೊಂಡು ಕೇಳಿದೆವು. ಅವರು ಬಾಯಿಲೆಕ್ಕದಲ್ಲೇ ಹೇಳಿದರು. ‘ಸಾಯಂಕಾಲ ನೂರ ನಲವತ್ತು ಜನ ಹಾಲು ಹಾಕ್ತಾರೆ. ಒಬ್ಬರಿಗೆ ಅರ್ಧ ನಿಮಿಷ ಅಂದರೂ ಎಪ್ಪತ್ತು ನಿಮಿಷ ಬೇಕು. ಆರೂವರೆಗೆ ಶುರು ಮಾಡಿದರೆ ಮುಗಿಯೋದು ಏಳು ನಲವತ್ತಕ್ಕೆ. ಹಾಲಿನ ಲಾರಿ ಬರೋದು ಏಳೂ ಕಾಲಿಗೆ. ಅದು ನಮಗೋಸ್ಕರ ಕಾಯಲ್ಲ, ಮುಂದಿನ ಊರುಗಳ ಹಾಲೂ ಕೆಡುತ್ತಲ್ಲ. ಲಾರಿ ತಪ್ಪಿದ ಹಾಲು ಏಪ್ರಿಲ್ ತಿಂಗಳ ಸೆಕೆಯಲ್ಲಿ ಬೆಳಗಿನವರೆಗೆ ನಿಲ್ಲಲ್ಲ. ಬಿ.ಎಂ.ಸಿ. ಮೊದಲು ಬರಲಿ, ಸಾಯಂಕಾಲದ ಲಾರಿಯ ಹಂಗೇ ಇರಲ್ಲ, ಆಮೇಲೆ ಹೊತ್ತು ಬದಲಾಯಿಸಿ.’ ಹೆಲ್ಪರು ಇನ್ನೂ ಒಂದು ಮಾತು ಸೇರಿಸಿದರು. ‘ಬಿ.ಎಂ.ಸಿ. ಹಾಕಿದರೆ ಹಾಲು ನಾಲ್ಕು ಡಿಗ್ರಿಗೆ ಇಳಿಯೋವರೆಗೂ ಒಬ್ಬರು ಇರಲೇಬೇಕು. ರಾತ್ರಿ ಕರೆಂಟು ಹೋದರೆ ಜನರೇಟರು ಹಾಕೋರು ಯಾರು? ಬೆಳಗಿನ ಜಾವ ಬಾಗಿಲು ತೆಗೆಯೋರೇ ರಾತ್ರಿಯೂ ಕಾಯಬೇಕಾ?’

ನೋಡಿ, ಎಷ್ಟು ಸರಳವಾದ ಲೆಕ್ಕ. ಆದರೆ ಇದು ಯಾವ ಕಡತದಲ್ಲೂ ಇಲ್ಲ, ಲಾರಿಗೆ ಕ್ಯಾನು ಎತ್ತಿ ಹಾಕುವವರ ತಲೆಯಲ್ಲಿದೆ. ಎರಡು ತೀರ್ಮಾನವನ್ನೂ ಹಿಂದು ಮುಂದು ಮಾಡಿದರೆ ಹಾಳಾಗೋದು ಸದಸ್ಯರ ಹಾಲು, ನಿಮ್ಮ ಬಟವಾಡೆಯ ದುಡ್ಡು. ರಾತ್ರಿ ಕಾಯುವವರ ಏರ್ಪಾಡು ಮಾಡದೆ ಯಂತ್ರ ತಂದರೆ ಲಕ್ಷಾಂತರ ರೂಪಾಯಿನ ಯಂತ್ರ ಇದ್ದೂ ಹಾಲು ಒಡೆಯುತ್ತೆ. ಇನ್ನೊಂದು ಕಡೆ ಪರೀಕ್ಷಕರಿಗೆ ಪಟ್ಟಣದ ಕಾರ್ಖಾನೆಯಿಂದ ಕೆಲಸದ ಕರೆ ಬಂದಿದೆ. ವಾರಕ್ಕೊಂದು ದಿನ ರಜೆ ಅಲ್ಲಿದೆ, ಇಲ್ಲಿಲ್ಲ. ಕೈ ಪಳಗಿದ ಪರೀಕ್ಷಕ ಬಿಟ್ಟುಹೋದರೆ ಹೊಸಬರಿಗೆ ಕಲಿಸೋಕೆ ವರ್ಷ ಬೇಕು. ಆ ವರ್ಷದಲ್ಲಿ ಫ್ಯಾಟು, ಎಸ್.ಎನ್.ಎಫ್. ಹೆಚ್ಚು ಕಡಿಮೆ ಬಂತು ಅನ್ನುವ ಜಗಳ ದಿನಾ ಇರುತ್ತೆ. 25 ವರ್ಷದಿಂದ ಗಳಿಸಿದ ನಂಬಿಕೆ ಇಂಥ ಜಗಳದಲ್ಲೇ ಕರಗಿಹೋಗೋದು.

ಕೆಲವು ಸದಸ್ಯರು ನಮ್ಮನ್ನು ಕೇಳಿದ್ದಾರೆ: ‘ಸಂಬಳ ಕೊಡೋರು ನಾವು, ಅವರನ್ನು ಕೇಳೋದೇನು? ಸಲಿಗೆ ಕೊಟ್ಟರೆ ತಲೆ ಮೇಲೆ ಕೂತ್ಕೋತಾರೆ.’ ನಾವು ಅವರಿಗೆ ಹೇಳೋದಿಷ್ಟೇ. ಉಳುಮೆಗೆ ಕರೆದ ಆಳು ‘ಗೌಡ್ರೇ, ಆ ಮೂಲೆ ಇನ್ನೂ ಹಸಿಯಾಗಿದೆ, ಇವತ್ತು ಬೇಡ’ ಅಂದರೆ ನಾವು ಕೇಳ್ತೀವೋ ಇಲ್ಲವೋ? ಕೇಳ್ತೀವಿ. ಕೇಳಿದ ಮಾತ್ರಕ್ಕೆ ಹೊಲ ಅವನದಾಗಲಿಲ್ಲ. ತೀರ್ಮಾನ ನಮ್ಮದು, ಬೆಳೆಯೂ ನಮ್ಮದು.

ಹಾಗಂತ ಎಲ್ಲದಕ್ಕೂ ಸಿಬ್ಬಂದಿಯನ್ನು ಕೂರಿಸಿಕೊಂಡೇ ತೀರ್ಮಾನ ಮಾಡಿ ಅಂತಲೂ ಅಲ್ಲ. ಅವರ ಸಂಬಳ ಎಷ್ಟು, ಹೊಸದಾಗಿ ಯಾರನ್ನು ನೇಮಿಸಬೇಕು, ಲೆಕ್ಕ ತಪಾಸಣೆಯಲ್ಲಿ ಬಂದ ಆಕ್ಷೇಪಣೆಗೆ ಏನು ಕ್ರಮ, ಇವು ಆಡಳಿತ ಮಂಡಳಿ ಮತ್ತು ಸರ್ವಸದಸ್ಯರ ಸಭೆಯ ಕೈಯಲ್ಲೇ ಇರಬೇಕು. ಸಿಬ್ಬಂದಿಯೂ ನಿರ್ದೇಶಕರೂ ಒಳಗೊಳಗೇ ಒಂದಾದರೆ ಸಂಘ ಮುಳುಗುತ್ತೆ. ಅದಕ್ಕೇ ಮಾತು ಬಾಗಿಲು ತೆಗೆದು ನಡೆಯಬೇಕು, ನಡಾವಳಿ ಪುಸ್ತಕದಲ್ಲಿ ಬರೆದಿರಬೇಕು.

ಬರೀ ಸಮಿತಿ ಮಾಡಿಬಿಟ್ಟರೆ ಕೆಲಸ ಆಗಲ್ಲ ಅನ್ನೋದಕ್ಕೂ ನಮ್ಮ ದೇಶದಲ್ಲೇ ಸಾಕ್ಷಿ ಇದೆ. 1947ರ ಕೈಗಾರಿಕಾ ವಿವಾದ ಕಾಯ್ದೆ, 100 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಮಾಲೀಕರ ಮತ್ತು ಕೆಲಸಗಾರರ ಪ್ರತಿನಿಧಿಗಳು ಸೇರಿದ ಕಾರ್ಯ ಸಮಿತಿ ಮಾಡುವುದಕ್ಕೆ ದಾರಿ ಮಾಡಿತ್ತು. ಬಹಳ ಕಡೆ ಆ ಸಮಿತಿಗಳು ಕುಡಿಯುವ ನೀರು, ಕ್ಯಾಂಟೀನು, ದೀಪ ಇಷ್ಟರಲ್ಲೇ ನಿಂತವು. ಮುಖ್ಯ ತೀರ್ಮಾನ ಬೇರೆ ಕೋಣೆಯಲ್ಲಿ ಆಗುತ್ತಿತ್ತು. ಪಿ.ಬಿ. ಗಜೇಂದ್ರಗಡ್ಕರ್ ಅವರ ಅಧ್ಯಕ್ಷತೆಯ ರಾಷ್ಟ್ರೀಯ ಕಾರ್ಮಿಕ ಆಯೋಗ 1969ರಲ್ಲಿ ವರದಿ ಕೊಟ್ಟಾಗ ಈ ಸಮಿತಿಗಳು ನಿರೀಕ್ಷಿಸಿದಷ್ಟು ಕೆಲಸ ಮಾಡಿಲ್ಲ ಅಂತಲೇ ಹೇಳಿತು. ತೀರ್ಮಾನ ಆದ ಮೇಲೆ ಕರೆದು ‘ಏನಪ್ಪಾ, ನಿನ್ನ ಅಭಿಪ್ರಾಯ?’ ಅಂದರೆ ಅದು ಕೇಳಿದ ಹಾಗಲ್ಲ. ಮದುವೆ ಆದ ಮೇಲೆ ಹೆಣ್ಣು ನೋಡೋಕೆ ಕರೆದ ಹಾಗೆ.

ಕೇಳೋದಕ್ಕಿಂತ ದೊಡ್ಡದು ಇನ್ನೊಂದಿದೆ. ಕೆಲಸದ ಜಾಗದಲ್ಲಿ ಕೆಲಸಗಾರನಿಗೆ ತೀರ್ಮಾನದ ಅಧಿಕಾರ ಕೊಡೋದು. ಜಪಾನಿನ ಟೊಯೋಟಾ ಕಾರು ಕಾರ್ಖಾನೆಗಳಲ್ಲಿ ಸಾಲಿನಲ್ಲಿ ನಿಂತು ಕೆಲಸ ಮಾಡುವ ಯಾರೇ ಆದರೂ ದೋಷ ಕಂಡರೆ ಪಕ್ಕದಲ್ಲಿದ್ದ ಹಗ್ಗ ಎಳೆಯಬಹುದಿತ್ತು. ಮೇಲಿನವರು ಓಡಿಬರುತ್ತಿದ್ದರು, ಅಲ್ಲೇ ಸರಿಯಾಗದಿದ್ದರೆ ಸಾಲೇ ನಿಲ್ಲುತ್ತಿತ್ತು. ಅಂಥ ಹಗ್ಗ ನಮ್ಮ ಡೈರಿಯಲ್ಲಿ ಯಾವುದು? ಪರೀಕ್ಷಕರ ಕೈಯಲ್ಲಿರುವ ಲ್ಯಾಕ್ಟೋಮೀಟರು. ಹಾಲಿಗೆ ನೀರು ಬೆರೆತಿದೆ, ಹಾಲು ಹುಳಿಯಾಗಿದೆ ಅಂತ ಕಂಡರೆ ‘ಈ ಹಾಲು ಬೇಡ’ ಅನ್ನೋ ಧೈರ್ಯ ಅವರಿಗೆ ಇರಬೇಕು. ಬಡವಿಯ ಅರ್ಧ ಲೀಟರು ವಾಪಸ್ಸು ಕಳಿಸೋದು ಸುಲಭ. ದೊಡ್ಡ ಮನೆಯ ಕ್ಯಾನು ವಾಪಸ್ಸು ಕಳಿಸೋದು ಕಷ್ಟ. ಪರೀಕ್ಷಕರು ಇದೇ ಊರಿನವರು, ನಾಳೆ ಇದೇ ಬೀದಿಯಲ್ಲಿ ಓಡಾಡಬೇಕು.

ನಮ್ಮ ಸಂಘದಲ್ಲಿ ಒಬ್ಬ ಹಿರಿಯ ನಿರ್ದೇಶಕರಿದ್ದರು. ಈಗ ಅವರಿಲ್ಲ. ಒಂದು ದಿನ ಅವರ ಮನೆಯ ಹಾಲನ್ನೇ ಪರೀಕ್ಷಕರು ತೆಗೆದುಕೊಳ್ಳಲಿಲ್ಲ. ಸಾಲಿನಲ್ಲಿ ನಿಂತ ಜನವೆಲ್ಲಾ ಉಸಿರು ಹಿಡಿದು ನೋಡಿದರು. ಆ ಹಿರಿಯರು ಏನೂ ಅನ್ನದೆ ಕ್ಯಾನು ಎತ್ತಿಕೊಂಡು ಹೋದರು. ಮಾರನೇ ದಿನ ಆಡಳಿತ ಮಂಡಳಿ ಸಭೆಯಲ್ಲಿ ‘ಆ ಹುಡುಗನನ್ನು ಯಾರೂ ಏನೂ ಅನ್ನಬೇಡಿ, ಅವನು ನನ್ನ ಹಾಲು ತಗೊಂಡಿದ್ದರೆ ನಾಳೆ ಎಲ್ಲರ ಹಾಲೂ ತಗೋಬೇಕಾಗಿತ್ತು’ ಅಂದರು. ನಮ್ಮ ಸಂಘದ ಹಾಲಿಗೆ ಒಳ್ಳೇ ಹೆಸರು ಬಂದಿದ್ದರೆ ಅದರಲ್ಲಿ ಆ ಒಂದು ಮಾತಿನ ಪಾಲೂ ಇದೆ.

ಕೊನೆಯದಾಗಿ, ಈ ಬೆಳ್ಳಿಹಬ್ಬದ ನೆನಪಿಗೆ ನಾಲ್ಕು ಸಲಹೆಗಳನ್ನು ತಮ್ಮ ಮುಂದೆ ಇಡುತ್ತೇವೆ.

ಒಂದನೆಯದು, ಪ್ರತಿ ತಿಂಗಳ ಆಡಳಿತ ಮಂಡಳಿ ಸಭೆಯ ಮೊದಲ ಅರ್ಧ ಗಂಟೆ ನಾಲ್ಕೂ ಜನ ಸಿಬ್ಬಂದಿಗೆ ಮೀಸಲಿರಲಿ. ಅವರು ಕುರ್ಚಿಯ ಮೇಲೆ ಕೂತು ಮಾತಾಡಲಿ. ಆಮೇಲೆ ಅವರು ಎದ್ದುಹೋಗಲಿ, ತೀರ್ಮಾನ ಮಂಡಳಿ ಮಾಡಲಿ.

ಎರಡನೆಯದು, ಡೈರಿಯಲ್ಲಿ ಒಂದು ಸಲಹಾ ಪುಸ್ತಕ ಇಡೋಣ. ಸಿಬ್ಬಂದಿ ಬರೆದ ಪ್ರತಿ ಸಲಹೆಗೂ ಮುಂದಿನ ಸಭೆಯೊಳಗೆ ಉತ್ತರ ಬರೆಯಬೇಕು. ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಅನ್ನೋದನ್ನೂ ಬರೆಯಬೇಕು. ಕಾರಣ ಗೊತ್ತಾದರೆ ಬೇಜಾರು ಉಳಿಯೋದಿಲ್ಲ.

ಮೂರನೆಯದು, ಹಾಲಿನ ಗುಣಮಟ್ಟದ ವಿಷಯದಲ್ಲಿ ಡೈರಿ ಬಾಗಿಲಲ್ಲಿ ಪರೀಕ್ಷಕರ ಮಾತೇ ಕೊನೆ. ತಕರಾರು ಇದ್ದವರು ಮಾದರಿ ಬಾಟಲಿ ಇಡಿಸಿ ಮತ್ತೊಮ್ಮೆ ಪರೀಕ್ಷೆ ಕೇಳಲಿ. ಪರೀಕ್ಷಕರ ಮೇಲೆ ಕೂಗಾಡುವ ಹಾಗಿಲ್ಲ, ನಿರ್ದೇಶಕರಾದರೂ ಸರಿ, ಅಧ್ಯಕ್ಷರಾದರೂ ಸರಿ. ಇದನ್ನು ಠರಾವು ಮಾಡಿ ಬೋರ್ಡಿನಲ್ಲಿ ಬರೆಸೋಣ.

ನಾಲ್ಕನೆಯದು, ಬದಲಿ ಕೆಲಸಗಾರರೊಬ್ಬರನ್ನು ತಯಾರು ಮಾಡಿ ವಾರಕ್ಕೊಂದು ಹೊತ್ತಾದರೂ ಸರದಿಯ ಮೇಲೆ ಬಿಡುವು ಕೊಡೋಣ, ತರಬೇತಿಗೂ ಕಳಿಸೋಣ. 1995ರಲ್ಲಿ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ ಒಪ್ಪಿದ ಏಳು ಸಹಕಾರ ತತ್ವಗಳಲ್ಲಿ ಐದನೆಯದು ಶಿಕ್ಷಣ ಮತ್ತು ತರಬೇತಿ. ಅದರಲ್ಲಿ ಸದಸ್ಯರು, ಚುನಾಯಿತ ಪ್ರತಿನಿಧಿಗಳ ಜೊತೆಗೆ ನೌಕರರ ಹೆಸರನ್ನೂ ಸ್ಪಷ್ಟವಾಗಿ ಹೇಳಿದೆ. ಸರದಿ ಹೇಗಿರಬೇಕು ಅನ್ನೋದನ್ನು ಅವರೇ ಕೂತು ಬರೆದು ತರಲಿ. ಅವರೇ ಹಾಕಿಕೊಂಡ ಸರದಿಯನ್ನು ಅವರೇ ಮುರಿಯೋದಿಲ್ಲ.

ಇದಕ್ಕೆಲ್ಲಾ ಖರ್ಚು ಬಹಳ ಇಲ್ಲ. ಒಂದು ಪುಸ್ತಕ, ನಾಲ್ಕು ಕುರ್ಚಿ, ಅರ್ಧ ಗಂಟೆ ಹೊತ್ತು, ಒಬ್ಬ ಬದಲಿ ಕೆಲಸಗಾರನ ಕೂಲಿ. ಇಷ್ಟನ್ನು ಮಾಡಿದರೆ ಪರೀಕ್ಷಕರು ಇಲ್ಲೇ ಉಳಿದೇ ಉಳಿಯುತ್ತಾರೆ ಅಂತ ನಾವು ಮಾತು ಕೊಡೋಕಾಗಲ್ಲ. ಆದರೆ ಇರೋದೋ ಹೋಗೋದೋ ಅಂತ ಯೋಚನೆ ಮಾಡುವಾಗ ‘ಇಲ್ಲಿ ನನ್ನ ಮಾತಿಗೆ ಬೆಲೆ ಇದೆ’ ಅನ್ನೋದೂ ತಕ್ಕಡಿಯ ಒಂದು ಕಡೆ ಕೂರುತ್ತೆ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗಿನಿಂದ ಈ ನಾಡಿನ ರೈತ ಒಂದು ಪಾಠ ಕಲಿತಿದ್ದಾನೆ: ಒಬ್ಬರಿಂದ ಆಗದ್ದು ಕೂಡಿ ಮಾಡಿದರೆ ಆಗುತ್ತೆ. ಆ ಕೂಡಿ ಮಾಡುವ ಲೆಕ್ಕದಲ್ಲಿ ಕ್ಯಾನು ಎತ್ತುವವರನ್ನೂ ಸೇರಿಸಿಕೊಳ್ಳೋಣ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಬಿ.ಎಂ.ಸಿ. ಮತ್ತು ಸಾಯಂಕಾಲದ ಹೊತ್ತಿನ ವಿಷಯ ಬಂದಾಗ, ಕೈ ಎತ್ತುವ ಮೊದಲು, ಪರೀಕ್ಷಕರಿಗೂ ಹೆಲ್ಪರಿಗೂ ಹತ್ತು ನಿಮಿಷ ಮೈಕು ಕೊಡಿ ಅಂತ ಸದಸ್ಯರೇ ಎದ್ದು ಕೇಳಬೇಕು. ನಿರ್ದೇಶಕರಾಗಿ ನಾವು ಕೇಳೋದಕ್ಕಿಂತ ಯಜಮಾನರಾದ ನೀವು ಕೇಳಿದರೆ ಅದಕ್ಕೆ ತೂಕ ಜಾಸ್ತಿ.



ಜೈ ಸಹಕಾರ. ಜೈ ಕರ್ನಾಟಕ.